ಡೆಕ್ಕಿನ ಮೇಲೆ ಬಂದ ಹೆಸರು

"ನಮ್ಮನೆ ಮದ್ವೇಲಿ ಎಂಜಲೆಲೆ ಎತ್ತೋನ ಮಗ, ನನ್ನ ಮಗಳ ಹಾಡಿನ ಮ್ಯಾಲೆ ತನ್ನ ಹೆಸ್ರು ಬರ್ಕೊಂಡವ್ನೆ! ನೋಡ್ರಪ್ಪ, ಎಲ್ರೂ ಬಂದು ನೋಡಿ!"

ನೀಲಕಂಠಸ್ವಾಮಿಯವರು ಹೀಗೆ ಕೂಗಿದ್ದು ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ, ನಾನು ಕೆಲಸಕ್ಕಿರುವ ಜೆರಾಕ್ಸ್ ಕಂಪ್ಯೂಟರ್ ಅಂಗಡಿಯ ಮುಂದೆ, ಭಾನುವಾರ ಬೆಳಿಗ್ಗೆ. ಎಳನೀರಿಗೆ ಕಾರು ನಿಲ್ಲಿಸಿದ್ದ ಕೇರಳದವರಿಂದ ಹಿಡಿದು ಟೀ ಅಂಗಡಿ ಬೆಂಚಿನ ಮೇಲಿದ್ದವರವರೆಗೆ ಎಲ್ಲರೂ ತಿರುಗಿದರು. ಅರಿಶಿನದ ಮಂಡಿ ಇಟ್ಟುಕೊಂಡ, ತೆರಕಣಾಂಬಿಯಲ್ಲಿ ಕಣ್ಣು ಹಾಯುವಷ್ಟು ಜಮೀನಿರುವ ಮನುಷ್ಯ ಮೆತ್ತಗೆ ಮಾತಾಡಿದರೂ ಈ ಊರಿಗೆ ಕೇಳುತ್ತದೆ. ಅವರು ಕೂಗಿದ್ದು ನನಗೆ ಕೇಳಲಿ ಅಂತಲ್ಲ, ಮಿಕ್ಕವರಿಗೆ ಕೇಳಲಿ ಅಂತ.

ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ನನ್ನನ್ನು ಅವರ ಕಾರಿನ ಬಾಗಿಲಿಗೆ ನೂಕಿದರು.

"ಓದ್ಲಾ. ಏಳ್ನೇ ಕ್ಲಾಸಿಗೇ ಸ್ಕೂಲ್ ಬುಟ್ಟೋನು, ಇಷ್ಟು ಓದಕ್ಕಾದ್ರೂ ಬತ್ತದಾ?"

ಕಾರಿನ ಡೆಕ್ಕಿನಲ್ಲಿ ಹಾಡು ಇನ್ನೂ ನಡೆಯುತ್ತಿತ್ತು. ಅವರ ಮಗಳು ದಾಕ್ಷಾಯಿಣಿಯ ದನಿ, ಹಿಂದೆ ತಂಬೂರಿ. ಡೆಕ್ಕಿನ ಸಣ್ಣ ಪರದೆಯ ಮೇಲೆ ನೀಲಿ ಇಂಗ್ಲಿಷ್ ಅಕ್ಷರಗಳು ಬಲದಿಂದ ಎಡಕ್ಕೆ ಓಡುತ್ತಿದ್ದವು. ಚಂದ್ರು. ಚಂದ್ರು. ಚಂದ್ರು. ಅದು ನನ್ನ ಹೆಸರು. ಬೇರೆ ಏನೂ ಇಲ್ಲ, ಹಾಡಿದವಳ ಹೆಸರು ಕೂಡ ಇಲ್ಲ.

ಹಿಂದಿನ ಸೀಟಿನಲ್ಲಿ ಬಿಳಿ ಪಂಚೆಯ ಹಿರಿಯರೊಬ್ಬರು ಕೂತಿದ್ದರು. ಹೆಸರು ಮೃತ್ಯುಂಜಯ ಅಂತೆ, ನಂಜನಗೂಡು ಕಡೆಯವರು, ದಾಕ್ಷಾಯಿಣಿಯನ್ನು ನೋಡಲು ಬರಲಿದ್ದ ಹುಡುಗನ ದೊಡ್ಡಪ್ಪ. ಅವರಿಗೆ ಊರು, ಮಂಡಿ ತೋರಿಸಲು ನೀಲಕಂಠಸ್ವಾಮಿ ಕರೆತರುತ್ತಿದ್ದರು. ದಾರಿಯಲ್ಲಿ ನಾನು ಹಾಡು ತುಂಬಿ ಕೊಟ್ಟ ಪೆನ್‌ಡ್ರೈವ್ ಹಾಕಿದ್ದಾರೆ. ಮಗಳ ಹಾಡು ಬಂದಿದೆ. "ನಮ್ಮ ಹುಡುಗೀನೇ ಹಾಡಿರೋದು" ಅಂತ ಎದೆ ಉಬ್ಬಿಸಿದ್ದಾರೆ. ಆಗ ಈ ದೊಡ್ಡಪ್ಪ ಕನ್ನಡಕ ಸರಿಮಾಡಿಕೊಂಡು, "ಚೆಂದಾಗ್ ಹಾಡ್ತಾಳೆ. ಅದ್ಸರಿ, ಯಾರ್ರೀ ಈ ಚಂದ್ರು?" ಅಂದಿದ್ದಾರೆ.

ಅಷ್ಟೇ ನಡೆದದ್ದು. ಅಷ್ಟೇ ಸಾಕಾಯಿತು.

"ಸಾರ್, ಅದು ಹಳೇ ಟ್ಯಾಗು. ನಾನ್ ಬರ್ದಿದ್ದಲ್ಲ, ಸಾಫ್ಟ್‌ವೇರು..." ಅಂದೆ.

"ಟ್ಯಾಗು ಗೀಗು ಆಮೇಲೆ ಬೊಗಳು. ನಾನ್ ಕಳ್ಸಿದ್ದು ನಮ್ಮಪ್ಪನ ಸಿಡಿ ಡಬ್ಬ. ಈ ಹಾಡು ಅದ್ರಾಗಿರ್ಲಿಲ್ಲ. ನನ್ನ ಮಗಳ ಸಿಡಿ ನಿನ್ ಕೈಗೆ ಯಾರ್ಲಾ ಕೊಟ್ರು?"

ನಾನು ಹಿಂದೆ ಸರಿದೆ, ಅವರು ಅಂಗಿ ಹಿಡಿದು ಎಳೆದರು.

"ಅವ್ಳ ಅವ್ವನ್ನ ಕೇಳ್ದೆ, ಇದೇ ಕಾರಲ್ಲಿ, ಫೋನ್ ಸ್ಪೀಕರ್ ಹಾಕಿ. ನಾನ್ ಯಾವ ಸಿಡೀನೂ ಕೊಟ್ಟಿಲ್ಲ ಅಂದ್ಲು. ಹಂಗಾದ್ರೆ ಕದ್ಯಾ? ನಮ್ ಮನೆ ಒಳಕ್ ಬಂದು ಕದ್ಯಾ? ಇಲ್ಲಾ..."

ಆ 'ಇಲ್ಲಾ' ಮುಂದಕ್ಕೆ ಹೋಗಲಿಲ್ಲ. ಹಿಂದಿನ ಸೀಟಿನ ಬಿಳಿ ಪಂಚೆ ಕೇಳಿಸಿಕೊಳ್ಳುತ್ತಿದೆ ಅನ್ನುವುದು ಅವರಿಗೆ ನೆನಪಾಗಿರಬೇಕು. ನನ್ನ ಅಂಗಿ ಬಿಟ್ಟು, ಬಿಟ್ಟ ಕೈಯನ್ನು ಪಂಚೆಗೆ ಒರೆಸಿಕೊಂಡರು.

"ಸಂಜೆ ಮಂಡಿ ತಾವ ಬಾ. ನಿಮ್ಮಪ್ಪನ್ನೂ ಕರ್ಕಂಡ್ ಬಾ. ಯಾರ್ ಕೊಟ್ರು ಅಂತ ಬಾಯ್ಬುಟ್ಟು ಹೇಳ್ಬೇಕು. ಬರ್ನಿಲ್ಲ ಅಂದ್ರೆ ನಾವೇ ಬತ್ತೀವಿ."

ಕಾರು ಹೊರಟಿತು. ಅದರೊಳಗೆ ಹಾಡು ಇನ್ನೂ ನಿಂತಿರಲಿಲ್ಲ.

ಕೊಟ್ಟವಳು ದಾಕ್ಷಾಯಿಣಿಯೇ. ಒಬ್ಬಳೇ ಬಂದು ಕೊಟ್ಟಳು. ಇದನ್ನು ಹೇಳಿದರೆ ನಾನು ಕಳ್ಳನಲ್ಲ ಅಂತಾಗುತ್ತದೆ, ಅವಳು ಮುಗಿದುಹೋಗುತ್ತಾಳೆ. ಹೇಳದಿದ್ದರೆ ನಾನು ಮುಗಿದುಹೋಗುತ್ತೇನೆ. ಲೆಕ್ಕ ಇಷ್ಟು ಸಣ್ಣದು. ಅಂಗಡಿಯ ಮೆಟ್ಟಿಲು ಹತ್ತಿದೆ. ಟೀ ಅಂಗಡಿಯ ಬೆಂಚಿನಿಂದ ಒಬ್ಬ, "ಏನ್ ಚಂದ್ರು, ಹಾಡಕ್ಕೂ ಸುರು ಮಾಡ್ಬುಟ್ಯಾ?" ಅಂದ. ಎಲ್ಲರೂ ನಕ್ಕರು. ಅವನ ಹಲ್ಲು ಉದುರಿಸಬೇಕು ಅನ್ನಿಸಿತು. ತಲೆ ತಗ್ಗಿಸಿ ಒಳಗೆ ಹೋದೆ.

ಆ ಡಬ್ಬ ಅಂಗಡಿಗೆ ಬಂದದ್ದು ಹೋದ ತಿಂಗಳು. ನೀಲಕಂಠಸ್ವಾಮಿಯವರ ಅಪ್ಪ ಸಂಗೀತದ ಹುಚ್ಚರಂತೆ. ತೀರಿಕೊಂಡ ಮೇಲೆ ಅವರ ಸಿಡಿಗಳೆಲ್ಲ ಒಂದು ತಗಡಿನ ಡಬ್ಬದಲ್ಲಿ ಉಳಿದವು. ಈಗಿನ ಲ್ಯಾಪ್‌ಟಾಪಿಗೆ ಸಿಡಿ ಹಾಕುವ ಜಾಗವೇ ಇಲ್ಲ. ನಮ್ಮ ಓನರ್ ಸಾಗರನ ಅಂಗಡಿಯಲ್ಲಿ ಹಳೇ ಕಂಪ್ಯೂಟರ್ ಒಂದಿದೆ, ಮದುವೆ ಸಿಡಿಗಳನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಡಲು ಇಟ್ಟಿರುವುದು. ಮೊದಲ ದಿನ ಡಬ್ಬ ಹಿಡಿದು ತಾಯಿ ಮಗಳು ಇಬ್ಬರೂ ಬಂದರು. ತಾಯಿ ಚಂದ್ರಮತಿಯವರು ಫ್ಯಾನಿನ ಕೆಳಗೆ ಕೂತು, "ಬೇಗ ಮಾಡ್ಕೊಡಪ್ಪ, ಕಾರಲ್ಲಿ ಕೇಳ್ತಾರಂತೆ" ಅಂದರು. ಮಗಳು ಮಾತ್ರ ಡಬ್ಬದಿಂದ ಒಂದೊಂದೇ ಸಿಡಿ ತೆಗೆದು, ಮೂಲೆ ಒಡೆದ ಕವರುಗಳನ್ನು ನೆಟ್ಟಗೆ ಜೋಡಿಸಿ ಇಟ್ಟಳು. ಮೈಸೂರಿನಲ್ಲಿ ಸಂಗೀತದ ಡಿಗ್ರಿ ಓದುತ್ತಿದ್ದಾಳೆ.

ಸುಮಾರು ಸಿಡಿಗಳು ಹೊರದೇಶದಲ್ಲಿ ಅಚ್ಚಾದವು. ಹಾಡು ನಮ್ಮದೇ, ಕರ್ನಾಟಕ ಸಂಗೀತ. ರಾಗದ ಹೆಸರು, ಹಾಡಿದವರ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ. ಆ ಅಕ್ಷರದ ತಲೆ ಮೇಲೆ ಗೆರೆ, ಕಾಲ ಕೆಳಗೆ ಚುಕ್ಕೆ. ದೀರ್ಘಕ್ಕೆ ಗೆರೆಯಂತೆ, 'ಣ'ಕ್ಕೆ 'ಟ'ಕ್ಕೆ ಚುಕ್ಕೆಯಂತೆ. ಸಿಡಿ ಒಳಗೆ ಹಾಕಿದ ಕೂಡಲೇ ಸಾಫ್ಟ್‌ವೇರು ಇಂಟರ್ನೆಟ್ಟಿನಲ್ಲಿ ಹುಡುಕಿ ಹೆಸರುಗಳನ್ನು ತಾನೇ ತುಂಬುತ್ತದೆ. ಅಂದು ಅದು ತುಂಬಿದ್ದು ನೋಡಿ ನಾನು ವೈರಸ್ ಹೊಕ್ಕಿತು ಅಂದುಕೊಂಡೆ. ಗೆರೆ ಇದ್ದ ಕಡೆಯೆಲ್ಲ ಡಾಲರು, ಪ್ರಶ್ನೆ ಗುರುತು, ಯಾವುದೋ ದೇಶದ ಕೊಕ್ಕೆ ಅಕ್ಷರ. ನಮ್ಮ ಅಂಗಡಿಯ ರೂಢಿಯಲ್ಲಿ ಅಂಥವನ್ನೆಲ್ಲ ಅಳಿಸಿ, 'ಸಾಂಗ್ ಒಂದು', 'ಸಾಂಗ್ ಎರಡು' ಅಂತ ಕೊಟ್ಟುಬಿಡುತ್ತೇವೆ. ಟ್ರ್ಯಾಕ್ಟರಿಗೆ ಹಾಡು ತುಂಬಿಸಿಕೊಳ್ಳುವವರು ಯಾರೂ ಕೇಳುವುದಿಲ್ಲ.

ಇವಳು ಕೇಳಿದಳು.

"ಹಾಗೆ ಮಾಡ್ಬೇಡಿ ಚಂದ್ರು ಅವ್ರೆ. ಗೆರೆ ಹೋದ್ರೆ ಎರಡು ಬೇರೆ ರಾಗ ಒಂದೇ ಥರ ಕಾಣುತ್ತೆ. ಆಮೇಲೆ ಹುಡುಕೋದು ಹೇಗೆ? ನಮ್ಮ ತಾತ ಕವರ್ ನೋಡೇ ರಾಗ ಹೇಳ್ತಿದ್ರು."

"ಕನ್ನಡದಲ್ಲೇ ಹೊಡ್ದಾಕ್ಬುಡನ ಮೇಡಂ."

"ಅಪ್ಪನ ಕಾರಲ್ಲಿ ಕನ್ನಡ ಬರಲ್ಲ, ಬರೀ ಚೌಕ ಚೌಕ ಬರುತ್ತೆ."

ನನಗೆ ಯಾರೂ ಅದುವರೆಗೆ 'ಅವ್ರೆ' ಹಚ್ಚಿ ಮಾತಾಡಿರಲಿಲ್ಲ. ಅದಕ್ಕೇ ಒಪ್ಪಿಕೊಂಡೆ ಅಂತ ಯಾರಾದರೂ ಅಂದರೆ ಅನ್ನಲಿ. ಸೆಟ್ಟಿಂಗಿನಲ್ಲಿ ಅಕ್ಷರದ ಬಗೆ ಬದಲಾಯಿಸುವುದು ಹೇಗೆ ಅಂತ ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತೆ. ಅದಾದ ಮೇಲೂ ಕೆಲವು ಹೆಸರು ಸರಿಹೋಗಲಿಲ್ಲ. ಅವನ್ನು ಕೈಯಲ್ಲೇ ತಿದ್ದಬೇಕು. ಅದಕ್ಕೆ ಅವಳು ಬರಬೇಕಾಯಿತು. ಅವಳು ಕವರು ಹಿಡಿದು ಒಂದೊಂದೇ ಅಕ್ಷರ ಹೇಳುವುದು, ನಾನು ಅಕ್ಷರಗಳ ಪಟ್ಟಿಯಲ್ಲಿ ಹುಡುಕಿ ಕೂರಿಸುವುದು. ಹಾಡಹಗಲಲ್ಲಿ, ಬಾಗಿಲು ತೆಗೆದ ಅಂಗಡಿಯಲ್ಲಿ, ಪಕ್ಕದಲ್ಲಿ ಜನ ಆಧಾರ್ ಜೆರಾಕ್ಸ್ ಮಾಡಿಸಿಕೊಳ್ಳುವಾಗ. ಮನೆಯಲ್ಲಿ ಕ್ಲಾಸಿದೆ ಅಂತ ಹೇಳಿ ಬರುತ್ತಿದ್ದಳು. ನನ್ನಂಥವನ ಪಕ್ಕ ಕುರ್ಚಿ ಹಾಕಿಕೊಂಡು ಕೂರಲು ಅವರ ಮನೆಯಲ್ಲಿ ಒಪ್ಪುವುದಿಲ್ಲ ಅನ್ನುವುದು ಇಬ್ಬರಿಗೂ ಗೊತ್ತಿತ್ತು.

ಕೊನೆಯ ಸಲ ಬಂದಾಗ ಬ್ಯಾಗಿನಿಂದ ಇನ್ನೊಂದು ಸಿಡಿ ತೆಗೆದಳು. ಬರೀ ಬೆಳ್ಳಿ ಬಣ್ಣದ್ದು, ಮಾರ್ಕರಿನಲ್ಲಿ ಅವಳ ಹೆಸರು. ಕಾಲೇಜಿನ ಕಾರ್ಯಕ್ರಮದಲ್ಲಿ ಅವಳು ಹಾಡಿದ್ದು.

"ಇದನ್ನೂ ತಾತನ ಹಾಡುಗಳ ಮಧ್ಯ ಹಾಕಿಬಿಡಿ. ಅಪ್ಪ ನಾನು ಹಾಡೋದನ್ನ ಕೂತು ಕೇಳಿಲ್ಲ ಯಾವತ್ತೂ. ಕಾರಲ್ಲಾದ್ರೂ ಕೇಳ್ಲಿ. ಡಿಗ್ರಿ ಮುಗಿಯೋಕೆ ಇನ್ನೊಂದು ವರ್ಷ ಇದೆ. ಚಿಕ್ಕ ನೆಪ ಸಿಕ್ಕಿದ್ರೂ ಬಿಡಿಸಿ ಮದುವೆ ಮಾಡಿಬಿಡ್ತಾರೆ. ಕೇಳಿದ್ರೆ ಮನಸ್ಸು ಕರಗಬಹುದು."

ಹಾಕಿದೆ. ಅವಳ ಹೆಸರಿಗೆ ಎಷ್ಟು ಗೆರೆ, ಎಷ್ಟು ಚುಕ್ಕೆ! 'ದಾ'ಗೆ ಗೆರೆ, 'ಕ್ಷಾ'ಗೆ ಚುಕ್ಕೆ ಗೆರೆ ಎರಡೂ, 'ಣಿ'ಗೆ ಮತ್ತೆ. ಒಂದೂ ಬಿಡದೆ ಕೂರಿಸಿದೆ. ಅವಳ ಮೊಬೈಲಿನಲ್ಲಿ ಹಾಕಿ ನೋಡಿದೆವು, ಕವರಿನ ಮೇಲೆ ಅಚ್ಚು ಹಾಕಿದ ಹಾಗೆ ಬಂತು.

ಕಾರಿನಲ್ಲಿ ಹಾಕಿ ನೋಡಲಿಲ್ಲ. ಎಲ್ಲಿಂದ ನೋಡುವುದು? ಬೇರೆ ಯಾರದೇ ಗಿರಾಕಿಯ ಕಾರಾದರೆ ನಾನೇ ಹೋಗಿ ಡೆಕ್ಕಿಗೆ ಚುಚ್ಚಿ, ಒಂದು ಸಲ ಹಾಡಿಸಿ ನೋಡಿ ಕೊಡುತ್ತೇನೆ. ನೀಲಕಂಠಸ್ವಾಮಿಯವರ ಕಾರಿಗೆ ನಾನು ಕೈ ಇಡುವ ಹಾಗಿಲ್ಲ. ಪೆನ್‌ಡ್ರೈವನ್ನು ಮಂಡಿಯ ಆಳು ಬಂದು ಕವರಿನಲ್ಲಿ ಹಾಕಿಸಿಕೊಂಡು ಹೋದ.

ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಹಾಡಿನ ಫೈಲಿಗೆ ಹೆಸರಿನ ಚೀಟಿ, ಅದೇ ಟ್ಯಾಗು, ಎರಡು ಅಂಟಿಕೊಂಡಿರುತ್ತವೆ. ಹೊಸಾ ಚೀಟಿ ಮುಂದೆ, ಹಳೇ ಚೀಟಿ ಹಿಂದೆ. ಗೆರೆ ಚುಕ್ಕೆ ಹೊಸಾ ಚೀಟಿಯಲ್ಲಿ ಮಾತ್ರ ನಿಲ್ಲುತ್ತವೆ. ಹಳೇ ಡೆಕ್ಕಿಗೆ ಅದನ್ನು ಓದಲು ಬರುವುದಿಲ್ಲ, ಹಿಂದಿನ ಚೀಟಿ ಓದುತ್ತದೆ. ತಾತನ ಸಿಡಿಗಳಿಗೆ ಹಿಂದಿನ ಚೀಟಿಯಲ್ಲೂ ಇಂಟರ್ನೆಟ್ಟಿನಿಂದ ಏನೋ ಒಂದು ಹೆಸರು ಬಂದಿತ್ತು. ಅವಳ ಸಿಡಿ ಕಾಲೇಜಿನಲ್ಲಿ ಮಾಡಿದ್ದು, ಇಂಟರ್ನೆಟ್ಟಿಗೆ ಅದರ ಗುರುತೇ ಇಲ್ಲ. ಅಂಥ ಕಡೆ ನಮ್ಮ ಸಾಫ್ಟ್‌ವೇರು ಖಾಲಿ ಬಿಡದೆ ಕಂಪ್ಯೂಟರ್ ಮುಂದೆ ಕೂತವನ ಹೆಸರು ಹಾಕಿಬಿಡುತ್ತದೆ. ಕೂತವನ ಹೆಸರು ಅದಕ್ಕೆ ಹೇಗೆ ಗೊತ್ತು? ಸಾಗರ್ ಕೊಟ್ಟದ್ದು. ಏನಾದರೂ ಹಾಳಾದರೆ ಯಾರನ್ನು ಹಿಡಿಯಬೇಕು ಅಂತ ಗೊತ್ತಿರಲಿ ಎಂದು ಆ ಕಂಪ್ಯೂಟರಿಗೆ ನನ್ನ ಹೆಸರಿಟ್ಟಿದ್ದ.

ಸಾಗರ್ ಈಗ ಗಲ್ಲಾಪೆಟ್ಟಿಗೆಯ ಹಿಂದೆ ನಿಂತಿದ್ದ. ನೀಲಕಂಠಸ್ವಾಮಿಗೆ ದೂರದ ನೆಂಟ. ಅವಳು ಬಂದಾಗಲೆಲ್ಲ, "ಬಾಮ್ಮ, ಕೂತ್ಕೊ" ಅಂದವನು ಅವನೇ.

"ಅಣ್ಣ, ನೀನಾದ್ರೂ ಒಂದ್ ಮಾತು ಹೇಳು. ಟ್ಯಾಗ್ ವಿಷ್ಯ ನಿಂಗೊತ್ತದಲ್ಲ."

"ಟ್ಯಾಗ್ ವಿಷ್ಯ ಹೇಳ್ತೀನಿ. ಸಿಡಿ ವಿಷ್ಯ ನಂಗೊತ್ತಿಲ್ಲ."

"ನಿನ್ ಮುಂದೇ ಅಲ್ವಾ..."

"ನಾನ್ ಯಾರ್ನೂ ನೋಡಿಲ್ಲ ಚಂದ್ರು." ಶಟರನ್ನು ಅರ್ಧಕ್ಕೆ ಎಳೆದ. "ನೋಡ್ದೆ ಅಂದ್ರೆ, ಅವತ್ತೇ ಯಾಕ್ ಹೇಳ್ಲಿಲ್ಲ ಅಂತ ನನ್ ಅಂಗ್ಡಿಗೇ ಬೆಂಕಿ ಬೀಳ್ತದೆ. ಇವತ್ತು ಮನೀಗ್ ಓಗು ನೀನು."

ಮನೆಗೆ ಹೋದೆ. ಅಷ್ಟರಲ್ಲಿ ಸುದ್ದಿ ನನಗಿಂತ ಮೊದಲು ಮುಟ್ಟಿತ್ತು. ನನ್ನಪ್ಪ ಪುಟ್ಟಮಾದಯ್ಯ ನೀಲಕಂಠಸ್ವಾಮಿಯ ಮಂಡಿಯಲ್ಲೇ ಮೂಟೆ ಹೊರುತ್ತಾನೆ. ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದವನು ನನ್ನನ್ನು ನೋಡಿ ಎದ್ದ.

"ಏನ್ ಮಾಡ್ಬುಟ್ಯೋ ಮಗ?"

"ಏನೂ ಮಾಡಿಲ್ಲ ಕಣಪ್ಪ."

"ಏನೂ ಮಾಡ್ದೇ ಇದ್ದೋರ್ಗೇ ಆಗೋದು ಇದೆಲ್ಲ." ಸುತ್ತ ನೋಡಿ ದನಿ ಇಳಿಸಿದ. "ಮದ್ದೂರ್ ಕಡೆ ಆ ಹುಡ್ಗಂದು ಮರ್ತ್ಯಾ?"

ಮರೆತಿರಲಿಲ್ಲ. ಬೆಳಿಗ್ಗೆಯಿಂದ ನನ್ನ ತಲೆಯಲ್ಲಿ ಅದೇ ಸುತ್ತುತ್ತಿತ್ತು. ನಮ್ಮವನೇ ಒಬ್ಬ ಹುಡುಗ, ಯಾರ ಮನೆ ಹುಡುಗಿಗೋ ಮೊಬೈಲು ರಿಪೇರಿ ಮಾಡಿಕೊಟ್ಟವನು, ನಮ್ಮ ತಾಲ್ಲೂಕಿನದೇ ಮದ್ದೂರು ಕಡೆ ಕಾಡಂಚಿನಲ್ಲಿ ಹೆಣವಾಗಿ ಸಿಕ್ಕ. ಆನೆ ತುಳಿಯಿತು ಅಂದರು. ಅವನ ಕೈಗೆ ಹಗ್ಗದ ಗಾಯ ಇತ್ತು ಅಂತ ನೋಡಿದವರು ಹೇಳಿದರು. ಆನೆ ಹಗ್ಗ ಕಟ್ಟುತ್ತದಾ? ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

"ಹರವೆಗೆ ಓಗ್ಬುಡು, ಭಾಗ್ಯನ ಮನೀಗೆ. ಸಂಜೀಗೆ ನಾನೊಬ್ನೇ ಓಗಿ ಬುದ್ದೀರ ಕಾಲ್ ಇಡ್ಕತಿನಿ."

ಭಾಗ್ಯ ನನ್ನಕ್ಕ. ಅಪ್ಪ ತನ್ನ ಯಜಮಾನನ ಕಾಲು ಹಿಡಿಯುವುದು ನನಗೆ ಬೇಕಿರಲಿಲ್ಲ. ಆದರೂ ಬಸ್ಸು ಹತ್ತಿದೆ. ಹರವೆಗೆ ಅಂತ ಹೇಳಿ ಚಾಮರಾಜನಗರಕ್ಕೆ ಟಿಕೆಟ್ ತೆಗೆದೆ. ಭಾನುವಾರ ದಾಕ್ಷಾಯಿಣಿ ಅಲ್ಲಿ ತನ್ನ ಹಳೇ ಸಂಗೀತದ ಮೇಷ್ಟ್ರ ಮನೆಗೆ ಪಾಠಕ್ಕೆ ಹೋಗುತ್ತಾಳೆ ಅಂತ ಗೊತ್ತಿತ್ತು. ಅವಳ ಮೊಬೈಲಿಗೆ ಫೋನು ಮಾಡುವ ಹಾಗಿಲ್ಲ, ಅದು ಯಾರ ಕೈಯಲ್ಲಿದೆಯೋ. ಅವಳನ್ನು ನೋಡಿ ಒಂದೇ ಮಾತು ಕೇಳಬೇಕಿತ್ತು: ಅಪ್ಪನಿಗೆ ನೀನು ಏನು ಹೇಳಿದ್ದೀಯ? ಬಿದ್ದು ಸಿಕ್ಕಿತು ಅಂದಿದ್ದರೆ ನಾನೂ ಬಿದ್ದು ಸಿಕ್ಕಿತು ಅನ್ನುತ್ತೇನೆ. ಗೆಳತಿಯ ಕೈಲಿ ಕಳಿಸಿದೆ ಅಂದಿದ್ದರೆ ನಾನೂ ಗೆಳತಿ ಅನ್ನುತ್ತೇನೆ. ಇಬ್ಬರ ಮಾತೂ ಒಂದೇ ಆಗಬೇಕು. ಬೇರೆ ಬೇರೆ ಆಯಿತೋ, ಸುಳ್ಳು ಯಾಕೆ ಹೇಳಿದಿರಿ ಅಂತ ಶುರುವಾಗುತ್ತದೆ. ಆಮೇಲೆ ಏನು ಹೇಳಿದರೂ ನಡೆಯುವುದಿಲ್ಲ.

ತೆರಕಣಾಂಬಿಯಲ್ಲಿ ಬಸ್ಸು ನಿಂತಾಗ ನಾನು ಸೀಟಿನಲ್ಲಿ ಕುಗ್ಗಿ, ಮುಖಕ್ಕೆ ಕರ್ಚೀಫು ಅಡ್ಡ ಹಿಡಿದೆ. ಪಕ್ಕದ ಮುದುಕಿ, "ವಾಂತಿ ಬತ್ತದೇನಪ್ಪ?" ಅಂತ ಕಿಟಕಿಯ ಜಾಗ ಬಿಟ್ಟುಕೊಟ್ಟಳು. ಬೇಡ ಅನ್ನಲು ಆಗಲಿಲ್ಲ. ಕಿಟಕಿಯ ಆಚೆ, ಕೈಗೆ ಸಿಗುವಷ್ಟು ಹತ್ತಿರ, ಒಂದು ಬೈಕು ಬಂದು ನಿಂತಿತು. ಮರಿಯಯ್ಯ, ಮಂಡಿಯಲ್ಲಿ ತೂಕ ಹಾಕುವವನು, ನೀಲಕಂಠಸ್ವಾಮಿ ಹೇಳಿದ್ದನ್ನೆಲ್ಲ ಮಾಡುವವನು. ಅವನು ಬಸ್ಸಿನ ಕಡೆ ನೋಡಲೇ ಇಲ್ಲ. ಎಲೆಯಡಿಕೆ ಉಗಿದು, ಬಸ್ಸಿಗಿಂತ ಮುಂಚೆ ಚಾಮರಾಜನಗರದ ರಸ್ತೆ ಹಿಡಿದ. ನೋಡದೆ ಹೋದದ್ದಕ್ಕೇ ನನಗೆ ಅನುಮಾನ ಬಂತು. ಹರವೆ ಬಂದಾಗ ಇಳಿದುಬಿಡಲೇ ಅನ್ನಿಸಿತು. ಭಾಗ್ಯ ಮುದ್ದೆ ಇಕ್ಕುತ್ತಾಳೆ, ಏನೂ ಕೇಳುವುದಿಲ್ಲ. ಕಂಡಕ್ಟರ್ ಸೀಟಿ ಊದಿದ. ನಾನು ಎದ್ದು ನಿಂತಿದ್ದವನು ಮತ್ತೆ ಕೂತೆ.

ಮೇಷ್ಟ್ರ ಮನೆ ದೇವಸ್ಥಾನದ ಹಿಂದಿನ ಬೀದಿಯಲ್ಲಿ. ಬೀದಿಯ ತುದಿಗೆ ಬರುವ ಮೊದಲೇ ಮಕ್ಕಳು ಸ್ವರ ಹೇಳುವುದು ಕೇಳಿಸಿತು. ಗೇಟಿನ ಮುಂದೆ ಮರಿಯಯ್ಯನ ಬೈಕು. ಅದರ ಮೇಲೆ ಒಂದು ಕಾಲು ಮಡಚಿ ಮರಿಯಯ್ಯ. ನಾನು ಎದುರಿನ ಬೇಕರಿಯೊಳಗೆ ನುಗ್ಗಿ ಗಾಜಿನ ಬೀರುವಿನ ಹಿಂದೆ ನಿಂತೆ. ಬೇಕಾದರೆ ಓಡಬಹುದಿತ್ತು. ಅಲ್ಲೇ ನಿಂತು ಗೇಟು ನೋಡಿದೆ.

ಸ್ವಲ್ಪ ಹೊತ್ತಿಗೆ ದಾಕ್ಷಾಯಿಣಿ ಹೊರಗೆ ಬಂದಳು. ಮೇಷ್ಟ್ರು ಗೇಟಿನವರೆಗೂ ಬಂದು ಏನೋ ಕೇಳಿದರು, ಅವಳು ತಲೆ ಅಲ್ಲಾಡಿಸಿದಳು. ಮರಿಯಯ್ಯ ಮೊದಲೇ ಕರೆಸಿ ನಿಲ್ಲಿಸಿದ್ದ ಆಟೋ ತೋರಿಸಿದ. ಅವಳ ಮೊಬೈಲು ಅವನ ಅಂಗಿಯ ಜೇಬಿನಲ್ಲಿತ್ತು. ಹೂವಿನ ಚಿತ್ರದ ಕವರು, ನನಗೆ ಗುರುತಿತ್ತು. ಆಟೋಗೆ ಕಾಲಿಡುವಾಗ ಅವಳು ತಲೆ ಎತ್ತಿದಳು. ಬೇಕರಿಯ ಗಾಜಿನಾಚೆ ನನ್ನನ್ನು ಕಂಡಳು.

ಹೇಳು ಅಂತ ಇತ್ತಾ ಆ ಕಣ್ಣಲ್ಲಿ, ಹೇಳಬೇಡ ಅಂತ ಇತ್ತಾ? ತಿಳಿಯಲಿಲ್ಲ. ಹೆದರಿಕೆಯೊಂದೇ ತಿಳಿಯಿತು. ನನ್ನ ಮುಖದಲ್ಲೂ ಅವಳಿಗೆ ಕಂಡದ್ದು ಅದೇ ಇರಬೇಕು. ಆಟೋ ಹೊರಟಿತು.

ಮರಿಯಯ್ಯ ಬೈಕು ಬಿಟ್ಟು ಸೀದಾ ಬೇಕರಿಗೆ ಬಂದ. ಬಂದು ನನ್ನ ಪಕ್ಕ ನಿಂತು, ಅಂಗಡಿಯವನಿಗೆ ಬನ್ನು ಕೊಡು ಅಂದ. ಬನ್ನು ಬಂದು, ಅದನ್ನು ಮುರಿದು, ಅರ್ಧ ತಿನ್ನುವವರೆಗೂ ನನ್ನ ಕಡೆ ತಿರುಗಲಿಲ್ಲ.

"ಏನ್ಲಾ ಚಂದ್ರು, ಭಾಗ್ಯನ ಮನೆ ಹರವೆ ಬುಟ್ಟು ಇಲ್ಗಂಟ ಬಂದ್ಬುಡ್ತಾ?"

"ಬಿಸ್ಕತ್ ತಗಳನ ಅಂತ ಬಂದೆ."

"ಗುಂಡ್ಲುಪೇಟೇಲಿ ಬಿಸ್ಕತ್ ಸಿಕ್ಕಲ್ವಾ?" ನಕ್ಕ. ಬನ್ನಿನ ಪುಡಿ ನನ್ನ ಅಂಗಿಗೆ ಹಾರಿತು. "ತಗೋ, ತಗೋ. ಆ ಮಗಿಗೆ ನಾನೂ ಕೇಳ್ದೆ ಕಣ್ಲಾ, ಮೇಷ್ಟ್ರ ಮನೇಲೇ, ಬಾಯ್ ಬುಡವ್ವ, ಯಜಮಾನ್ರು ಕ್ವಾಪದಾಗವ್ರೆ ಅಂತ. ಒಂದ್ ಮಾತೂ ಆಡ್ನಿಲ್ಲ. ಕಲ್ಲು. ನೀನಾದ್ರೂ ಬುದ್ವಂತ. ಸಂಜೀಗೆ ಬಾ."

ಅವನು ಹೋದ ಮೇಲೆ ಬೇಕರಿಯವನು, "ಬಿಸ್ಕತ್ ಯಾವುದು ಕೊಡ್ಲಿ?" ಅಂದ. ನಾನು ಹೊರಗೆ ಬಂದು ಚರಂಡಿಯ ಪಕ್ಕ ಕೂತೆ. ಒಂದು ಮಾತೂ ಆಡಿಲ್ಲ ಅಂದನಲ್ಲ. ಅದು ನಿಜವೋ, ನನ್ನಿಂದ ಏನಾದರೂ ಹೊರಡಿಸಲು ಹಾಕಿದ ಗಾಳವೋ? ನಿಜವೇ ಆದರೂ ಅದು ಈ ಗಳಿಗೆಯ ಮಾತು. ಮನೆ ಮುಟ್ಟಿದ ಮೇಲೆ, ಅಪ್ಪನ ಮುಂದೆ ನಿಂತ ಮೇಲೆ, ಏನು ಹೇಳುತ್ತಾಳೋ? ಸಂಜೆಯ ಹೊತ್ತಿಗೆ ನನ್ನ ಹತ್ತಿರ ಹತ್ತು ಸುಳ್ಳು ತಯಾರಿದ್ದವು. ಅವಳ ಸುಳ್ಳು ಯಾವುದು ಅನ್ನುವುದು ಮಾತ್ರ ಇರಲಿಲ್ಲ.

ಮಂಡಿಗೆ ಹೋದಾಗ ಬಿಸಿಲು ಇಳಿಯುತ್ತಿತ್ತು. ಭಾನುವಾರವಾದ್ದರಿಂದ ವ್ಯಾಪಾರ ಇಲ್ಲ. ಅರಿಶಿನದ ಮೂಟೆಗಳು ಗೋಡೆಯ ಎತ್ತರಕ್ಕೆ ಪೇರಿಸಿದ್ದವು, ಗಾಳಿಯಲ್ಲಿ ಅದರದ್ದೇ ಗಾಟು. ನೀಲಕಂಠಸ್ವಾಮಿ ಗಾದಿಯ ಮೇಲೆ ಕ್ರಾಪು ಬಾಚಿಕೊಂಡು ಕೂತಿದ್ದರು. ಪಕ್ಕದ ಕುರ್ಚಿಯಲ್ಲಿ ಗಂಡಿನ ದೊಡ್ಡಪ್ಪ ಮೃತ್ಯುಂಜಯ. ಸಾಗರ್ ಕೈಕಟ್ಟಿ ನಿಂತಿದ್ದ. ಮರಿಯಯ್ಯ ಬಾಗಿಲ ಹತ್ತಿರ. ನನ್ನಪ್ಪ ತಕ್ಕಡಿಯ ಪಕ್ಕ, ಟವೆಲನ್ನು ಹೆಗಲಿನಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದ.

ಬೈಯುತ್ತಾರೆ, ಹೊಡೆಯುತ್ತಾರೆ ಅಂತ ಹಲ್ಲು ಕಚ್ಚಿಕೊಂಡು ಹೋಗಿದ್ದೆ.

"ಬಾ ಚಂದ್ರು, ಕೂತ್ಕೊ" ಅಂದರು ನೀಲಕಂಠಸ್ವಾಮಿ.

ಎಲ್ಲಿ ಕೂರುವುದು? ಕುರ್ಚಿ ಇರಲಿಲ್ಲ. ಒಂದು ಮೂಟೆ ತೋರಿಸಿದರು. ನಾನು ನಿಂತೇ ಇದ್ದೆ. ಮರಿಯಯ್ಯ ಕಾಫಿ ತಂದ. ಅವರಿಗೆಲ್ಲ ಲೋಟ, ನನಗೂ ಅಪ್ಪನಿಗೂ ಪೇಪರ್ ಕಪ್ಪು. ಅಪ್ಪ ಕುಡಿಯದೆ ಕೈಯಲ್ಲಿ ಹಿಡಿದುಕೊಂಡ.

"ಬೆಳಿಗ್ಗೆ ಬಾಯಿಗ್ ಬಂದಂಗ್ ಅಂದ್ಬುಟ್ಟೆ, ಮನ್ಸಿಗೆ ಹಚ್ಕೋಬೇಡ. ಸಾಗರ್ ಎಲ್ಲಾ ಹೇಳ್ದ. ಅದೇನೋ ಹಿಂದಿನ್ ಚೀಟಿ, ಮುಂದಿನ್ ಚೀಟಿ ಅಂತೆ. ಹೆಸ್ರಿನ ವಿಷ್ಯ ಮುಗೀತು, ಅಲ್ವಾ ಮೃತ್ಯುಂಜಯಪ್ಪೋರೆ?"

"ಮುಗೀತು ಮುಗೀತು. ಮಿಷನ್ನಿನ ತಪ್ಪು" ಅಂದರು ದೊಡ್ಡಪ್ಪ. ನಗುತ್ತಿದ್ದರು. ಕಣ್ಣು ಮಾತ್ರ ನನ್ನನ್ನು ಬಿಟ್ಟಿರಲಿಲ್ಲ.

"ದಾಕ್ಷಾನೂ ಎಲ್ಲಾ ಒಪ್ಕೊಂಡ್ಲು." ನೀಲಕಂಠಸ್ವಾಮಿಯವರ ದನಿ ಇನ್ನೂ ಮೆತ್ತಗಾಯಿತು. ಮೂಟೆ ಹೊರುವವರ ಜೊತೆ ಅವರು ಇಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಬೆಳಗಿನ ಕೂಗಿಗೆ ಹೆದರಿದ್ದಕ್ಕಿಂತ ಹೆಚ್ಚು ಈಗ ಹೆದರಿದೆ. "ಸಿಡಿ ತಾನೇ ತಂದ್ಕೊಟ್ಟೆ ಅಂದ್ಲು. ಚಿಕ್ ಹುಡ್ಗಿ, ಹೋಗ್ಲಿ. ನೀನೂ ಒಂದ್ಸಲ ಹೂಂ ಅಂದ್ಬುಡು, ಇಲ್ಲಿಗೆ ಮುಗಿಸ್ಬುಡನ. ನಾಳೆ ಎಂದಿನಂಗೆ ಅಂಗ್ಡಿಗೆ ಹೋಗು. ನಿಮ್ಮಪ್ಪ ಎಂದಿನಂಗೆ ಇಲ್ಲಿಗ್ ಬರ್ಲಿ."

ಒಪ್ಪಿಕೊಂಡಿದ್ದರೆ ನನ್ನ ಹೂಂ ಯಾಕೆ ಬೇಕು ಇವರಿಗೆ? ಒಪ್ಪಿಕೊಳ್ಳದಿದ್ದರೆ ಆ ಹೂಂ ಹಿಡಿದುಕೊಂಡು ಮನೆಗೆ ಹೋಗುತ್ತಾರೆ. ಅವನೇ ಹೇಳಿದ ಅನ್ನುತ್ತಾರೆ. ಮೈಸೂರಿನ ಕಾಲೇಜಿಗೆ ನಾಳೆಯೇ ಬೀಗ. ಉಹೂಂ ಅಂದರೆ? ಅವಳು ನಿಜವಾಗಿಯೂ ಒಪ್ಪಿಕೊಂಡಿದ್ದು, ನಾನು ಉಹೂಂ ಅಂದುಬಿಟ್ಟರೆ, ಮುಚ್ಚಿಡುವಂಥದ್ದು ಏನಿತ್ತು ನಿಮ್ಮಿಬ್ಬರ ನಡುವೆ ಅಂತ ಹಿಡಿಯುತ್ತಾರೆ. ಎರಡು ಕಡೆಯೂ ಬಾವಿ. ಇವರ ಮುಖ ನೋಡಿದೆ. ನಿಜವೋ ಸುಳ್ಳೋ ಅಲ್ಲಿ ಏನೂ ಬರೆದಿರಲಿಲ್ಲ.

"ಹೂಂ ಅನ್ನು ಮಗ," ಅಂದ ಅಪ್ಪ. "ಬುದ್ದೀರು ಇಷ್ಟ್ ಒಳ್ಳೇ ಮಾತಲ್ ಕೇಳ್ತಾವ್ರೆ. ಹೂಂ ಅಂದ್ಬುಡು, ಮನೀಗ್ ಓಗನ."

"ಒಬ್ಳೇ ಬಂದಿದ್ಲಾ, ಇಲ್ಲಾ ಜೊತೇಲಿ ಯಾರಾದ್ರೂ ಇದ್ರಾ?" ಕುರ್ಚಿಯಿಂದ ಮುಂದಕ್ಕೆ ಬಾಗಿ ಕೇಳಿದರು ದೊಡ್ಡಪ್ಪ. "ಎಷ್ಟ್ ಸಲ ಬಂದಿರ್ಬೌದು, ಅಂದಾಜಿಗೆ?"

ಸಾಗರ್ ತನ್ನ ಚಪ್ಪಲಿ ನೋಡಿಕೊಳ್ಳುತ್ತಿದ್ದ.

ನನ್ನೊಳಗೆ ಎಷ್ಟು ಮಾತು ಕುದಿಯುತ್ತಿತ್ತು! ಕಾರಿಗೆ ಕೈ ಇಡಲು ಬಿಟ್ಟಿದ್ದರೆ ಇದು ಯಾವುದೂ ಆಗುತ್ತಿರಲಿಲ್ಲ ಅನ್ನಬೇಕಿತ್ತು. ನಿನ್ನ ಮಗಳು ಹಾಡಿದ್ದನ್ನು ಇಡೀ ಕೇಳಿದೆಯಾ, ಇಲ್ಲ ಹೆಸರು ಓದಿದ ಕೂಡಲೇ ಕಿವಿ ಮುಚ್ಚಿಕೊಂಡೆಯಾ ಅಂತ ಕೇಳಬೇಕಿತ್ತು. ಮೊದಲ ಅಕ್ಷರ ಹೊರಗೆ ಬಂದರೆ ಅದರ ಬೆನ್ನಿಗೇ ಅವಳ ಹೆಸರೂ ಬರುತ್ತದೆ. ಅವಳು ಏನು ಹೇಳಿದ್ದಾಳೋ ಗೊತ್ತಿಲ್ಲದ ನನ್ನ ಹತ್ತಿರ, ಅವಳ ಮಾತಿಗೆ ಅಡ್ಡ ಬರದ ಮಾತು ಒಂದೂ ಇರಲಿಲ್ಲ.

ಕಾಫಿಯ ಕಪ್ಪನ್ನು ಮೂಟೆಯ ಮೇಲಿಟ್ಟೆ. ಹೂಂ ಅನ್ನದೆ, ಉಹೂಂ ಅನ್ನದೆ ಬಾಗಿಲ ಕಡೆ ತಿರುಗಿದೆ.

"ಏಯ್," ಅಂದರು ನೀಲಕಂಠಸ್ವಾಮಿ. ಮೆತ್ತನೆಯ ದನಿ ಹೋಗಿತ್ತು. "ಕೇಳ್ತಾ ಇರೋದು ನಿನ್ನೇ ಕಣ್ಲಾ. ಉತ್ರ ಹೇಳಿ ಹೋಗು."

ಬಾಗಿಲಲ್ಲಿ ಮರಿಯಯ್ಯ ಒಂದು ಗಳಿಗೆ ಅಡ್ಡ ನಿಂತು, ಯಜಮಾನರ ಮುಖ ನೋಡಿ, ಪಕ್ಕಕ್ಕೆ ಸರಿದ. ಅವನು ಸರಿದದ್ದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. ಅಂಗಳದ ನೆಲಕ್ಕೆಲ್ಲ ಅರಿಶಿನದ ಪುಡಿ ಮೆತ್ತಿತ್ತು, ಕಾಲು ಜಾರುತ್ತಿತ್ತು. ಹಿಂದೆ ಅಪ್ಪ, "ಚಂದ್ರು, ಲೋ ಚಂದ್ರು" ಅಂತ ಕರೆದ. ಯಾರೋ ಬೈಕಿನ ಕೀಲಿ ಎತ್ತಿಕೊಂಡ ಸದ್ದು ಕೇಳಿತು. ತಿರುಗಿ ನೋಡದೆ, ಓಡದೆ, ಗೇಟು ದಾಟಿ ರಸ್ತೆಗೆ ಇಳಿದೆ.